ಚಿಪ್‌ನಿಂದ ಕಿವಿಯವರೆಗೆ: ಮದರ್‌ಬೋರ್ಡಿನ ಆಡಿಯೊ ಮತ್ತು ಸೌಂಡ್ ಕಾರ್ಡ್ ಕುರಿತ ಸಂವಾದ

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಸಂಗೀತ ಕೇಳುವವರಲ್ಲಿ ಬಹುಕಾಲದಿಂದ ಎರಡು ಪಕ್ಷಗಳಿವೆ. ಮದರ್‌ಬೋರ್ಡಿನಲ್ಲಿಯೇ ಬೆಸೆದು ಬರುವ ಆಡಿಯೊ ಸಾಲದು, ಪ್ರತ್ಯೇಕ ಸೌಂಡ್ ಕಾರ್ಡ್ ಹಾಕಿಸಲೇಬೇಕು ಎನ್ನುವುದು ಒಂದು ಪಕ್ಷ. ಈಗಿನ ಮದರ್‌ಬೋರ್ಡುಗಳು ಇಷ್ಟು ಸುಧಾರಿಸಿರುವಾಗ ಕಾರ್ಡಿಗೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುವುದು ಇನ್ನೊಂದು. ವ್ಯತ್ಯಾಸ ಇಲ್ಲದ ಕಡೆ ಎರಡೂ ಪಕ್ಷಗಳು ಅದನ್ನು ಹುಡುಕುತ್ತಿವೆ, ಇರುವ ಕಡೆ ಯಾರೂ ನೋಡುತ್ತಿಲ್ಲ ಎಂಬುದು ಈ ಸಂವಾದದ ನಿಲುವು. ಕರ್ನಾಟಕ ಸಂಗೀತದ ಮುದ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಕೇಳುವ, ಮನೆಯಲ್ಲಿಯೇ ಹಾಡಿಕೆಯನ್ನು ಧ್ವನಿಮುದ್ರಿಸಿಕೊಳ್ಳುವ ಅಭ್ಯಾಸವಿರುವ ರಸಿಕರೊಬ್ಬರೂ ಎಲೆಕ್ಟ್ರಾನಿಕ್ಸ್ ಬೋಧಿಸುವ ಅಧ್ಯಾಪಕರೊಬ್ಬರೂ ಇಲ್ಲಿ ಮಾತನಾಡುತ್ತಾರೆ.

ರಸಿಕ: ಮೇಷ್ಟ್ರೇ, ಒಂದೇ ಕೆಲಸಕ್ಕೆಂದು ಮಾಡಿದ ಉಪಕರಣವು ಹತ್ತು ಕೆಲಸಗಳಿಗೆ ಸೇರಿಸಿ ಮಾಡಿದ ಉಪಕರಣಕ್ಕಿಂತ ಮೇಲು ಎಂಬುದು ಲೋಕ ಒಪ್ಪಿದ ಮಾತು. ಹಾಗಿರುವಾಗ ಧ್ವನಿಗೆಂದೇ ತಯಾರಾದ ಕಾರ್ಡು ಮದರ್‌ಬೋರ್ಡಿನ ಮೂಲೆಯಲ್ಲಿ ಕೂರಿಸಿದ ಚಿಕ್ಕ ಚಿಪ್‌ಗಿಂತ ಚೆನ್ನಾಗಿ ನುಡಿಯಲೇಬೇಕಲ್ಲವೇ?

ಅಧ್ಯಾಪಕ: ಆ ಮಾತು ನಿಜವಾಗಿದ್ದ ಕಾಲವೊಂದಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಧ್ವನಿಯೆಂದರೆ ಪೆಟ್ಟಿಗೆಯೊಳಗಿನ ಒಂದು ಪುಟ್ಟ ಸ್ಪೀಕರ್ ಮಾತ್ರ. ಕಾಲ ಎಣಿಸುವ ಚಿಪ್ ಒಂದು ಅದಕ್ಕೆ ವಿದ್ಯುತ್ತನ್ನು ಕೊಡುವುದು, ನಿಲ್ಲಿಸುವುದು ಮಾಡುತ್ತಿದ್ದುದರಿಂದ ಬೀಪ್ ಎನ್ನುವ ಸದ್ದಿಗಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವಂತಿರಲಿಲ್ಲ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿಯು ಯಮಾಹಾದ ಚಿಪ್ ಇರಿಸಿ ತಂದ ಕಾರ್ಡು ಕೃತಕ ವಾದ್ಯಸ್ವರಗಳನ್ನು ಹುಟ್ಟಿಸಿತು; 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಅದಕ್ಕೆ ಮುದ್ರಿತ ಧ್ವನಿಯನ್ನು ನುಡಿಸುವ ಸಾಮರ್ಥ್ಯವನ್ನು ಸೇರಿಸಿತು. ಆಗ ಕಾರ್ಡು ಇದ್ದರೆ ಸಂಗೀತ, ಇಲ್ಲದಿದ್ದರೆ ಬೀಪ್. ಗುಣಮಟ್ಟದ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಜನ ಹೇಳುವ ಮಾತು ಆ ಕಾಲದಿಂದ ಉಳಿದುಬಂದದ್ದು.

ರಸಿಕ: ಹಾಗಾದರೆ ಮದರ್‌ಬೋರ್ಡು ಆ ಕೆಲಸವನ್ನು ವಹಿಸಿಕೊಂಡದ್ದು ಯಾವಾಗ?

ಅಧ್ಯಾಪಕ: ಇಂಟೆಲ್ ಕಂಪನಿಯು ತೊಂಬತ್ತರ ದಶಕದ ನಡುವೆ ಎಸಿ’97 ಎಂಬ ಮಾನಕವನ್ನು ರೂಪಿಸಿದ ಮೇಲೆ. ಅದರ ಒಳ ತರ್ಕ ಗಮನಾರ್ಹವಾಗಿದೆ. ಲೆಕ್ಕಾಚಾರದ ಭಾಗವನ್ನು ಮದರ್‌ಬೋರ್ಡಿನ ಮುಖ್ಯ ಚಿಪ್‌ಸೆಟ್‌ನೊಳಗೆ ಇರಿಸಿ, ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಪರಿವರ್ತಿಸುವ ಭಾಗವನ್ನು ಮಾತ್ರ ಕೊಡೆಕ್ ಎಂಬ ಬೇರೊಂದು ಚಿಕ್ಕ ಚಿಪ್‌ಗೆ ಒಪ್ಪಿಸಿ, ಅದನ್ನು ಗದ್ದಲದಿಂದ ದೂರ, ಹಲಗೆಯ ಅಂಚಿನಲ್ಲಿ ಕೂರಿಸಬೇಕೆಂದು ಅದು ಹೇಳಿತು. 2004ರಲ್ಲಿ ಬಂದ ಹೈ ಡೆಫಿನಿಷನ್ ಆಡಿಯೊ ಎಂಬ ಮಾನಕವು ಇದನ್ನೇ ಮುಂದುವರಿಸಿ, ಸೆಕೆಂಡಿಗೆ 1,92,000 ಮಾದರಿಗಳವರೆಗೂ ಎಂಟು ವಾಹಿನಿಗಳವರೆಗೂ ದಾರಿ ಮಾಡಿತು. ಮಾದರಿ ಎಂದರೆ ಅಲೆಯ ಎತ್ತರವನ್ನು ಒಂದು ಗಳಿಗೆಯಲ್ಲಿ ಅಳೆದು ಬರೆದಿಟ್ಟ ಅಂಕಿ. ಸಿಡಿಯಲ್ಲಿ ಇಂತಹವು ಸೆಕೆಂಡಿಗೆ 44,100 ಇರುತ್ತವೆ. ಇಂದು ಹೆಚ್ಚಿನ ಮದರ್‌ಬೋರ್ಡುಗಳ ಹಿಂಬದಿಯಲ್ಲಿ ಏಡಿಯ ಗುರುತು ಹೊತ್ತು ಕುಳಿತಿರುವ ಕೊಡೆಕ್ ತೈವಾನಿನ ರಿಯಲ್‌ಟೆಕ್ ಕಂಪನಿಯದು.

ರಸಿಕ: ಆ ಏಡಿಯ ಮೇಲೆ ಎಲ್ಲರಿಗೂ ತಾತ್ಸಾರ. ಕಾರ್ಡುಗಳಿಗೆ ಅಂತಹ ದೋಷಗಳು ಇರಲಿಲ್ಲವಷ್ಟೆ?

ಅಧ್ಯಾಪಕ: ಇದ್ದವು, ಅದೂ ಹೆಸರಾಂತ ಕಾರ್ಡುಗಳಿಗೇ. 1998ರ ಸೌಂಡ್ ಬ್ಲಾಸ್ಟರ್ ಲೈವ್ ಆ ಕಾಲದ ಮನೆಮಾತು. ಆದರೆ ಅದರ ಮುಖ್ಯ ಚಿಪ್ ಒಳಗೆ 48,000 ಮಾದರಿಗಳ ವೇಗವೊಂದರಲ್ಲಿ ಮಾತ್ರ ಕೆಲಸ ಮಾಡುತ್ತಿದ್ದುದರಿಂದ, ಸಿಡಿಯ 44,100ರ ಸಂಗೀತವನ್ನು ಕೊಟ್ಟರೆ ಅದನ್ನು ಮೊದಲು ತನ್ನ ವೇಗಕ್ಕೆ ಹೊಂದಿಸಿಕೊಂಡು ಆಮೇಲೆ ನುಡಿಸುತ್ತಿತ್ತು, ಮತ್ತು ಆ ಹೊಂದಾಣಿಕೆಯಲ್ಲಿ ಮೂಲದಲ್ಲಿಲ್ಲದ ಕೊಂಚ ವಿಕೃತಿ ಸೇರಿಕೊಳ್ಳುತ್ತಿತ್ತು. ಸಂಗೀತ ಕೇಳಲೆಂದೇ ಕಾರ್ಡು ಕೊಂಡವರು ಸಿಡಿಯನ್ನು ಸಿಡಿಯಾಗಿ ಕೇಳುತ್ತಿರಲಿಲ್ಲ. ಆ ಕಾರ್ಡುಗಳ ನಿಜವಾದ ಬಲ ಇದ್ದದ್ದು ಆಟಗಳಲ್ಲಿ: ಗುಹೆಯಲ್ಲಿ, ಹಜಾರದಲ್ಲಿ ಸದ್ದು ಹೇಗೆ ಮಾರ್ದನಿಸುತ್ತದೆಂದು ಕಾರ್ಡೇ ಲೆಕ್ಕ ಹಾಕಿ ಮುಖ್ಯ ಸಂಸ್ಕಾರಕದ ಹೊರೆಯನ್ನು ಇಳಿಸುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ಧ್ವನಿಯ ವ್ಯವಸ್ಥೆಯನ್ನೇ ಹೊಸದಾಗಿ ಬರೆದು, ಆಟಗಳು ಕಾರ್ಡಿಗೆ ನೇರವಾಗಿ ಕೆಲಸ ಒಪ್ಪಿಸುತ್ತಿದ್ದ ಹಳೆಯ ದಾರಿಯನ್ನು ಮುಚ್ಚಿತು. ಅಷ್ಟರಲ್ಲಿ ಸಂಸ್ಕಾರಕಗಳೂ ಆ ಲೆಕ್ಕವನ್ನು ಲೀಲಾಜಾಲವಾಗಿ ಮಾಡುವಷ್ಟು ಬಲಿತಿದ್ದವು. ಕಾರ್ಡಿನ ಅರ್ಧ ಕಾರಣ ಅಲ್ಲಿಗೆ ಮುಗಿಯಿತು.

ರಸಿಕ: ಉಳಿದರ್ಧವೇ ಮುಖ್ಯ. ಆಟಗಳ ಗೊಡವೆ ಇಲ್ಲದವರಿಗೆ ಧ್ವನಿಯ ಶುದ್ಧತೆಯಷ್ಟೇ ಬೇಕು. ಕಾರ್ಡಿನ ಡಬ್ಬಿಯ ಮೇಲೆ 124 ಡೆಸಿಬಲ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ.

ಅಧ್ಯಾಪಕ: 2009ರಲ್ಲಿ ಬಂದ ಏಸುಸ್ ಕಂಪನಿಯ ಎಸೆನ್ಸ್ ಎಸ್‌ಟಿಎಕ್ಸ್ ಕಾರ್ಡಿನ ಮೇಲೆ ಆ ಅಂಕಿ ಇತ್ತು. ಮದರ್‌ಬೋರ್ಡುಗಳಲ್ಲಿ ಬರುವ ರಿಯಲ್‌ಟೆಕ್ ಎಎಲ್‌ಸಿ 1220 ಕೊಡೆಕ್‌ನ ವಿವರಪತ್ರದಲ್ಲಿ 120 ಎಂದಿದೆ. ಮೊದಲಿಗೆ ಈ ಅಂಕಿ ಏನೆಂದು ತಿಳಿಯಬೇಕು. ಉಪಕರಣವು ಕೊಡಬಲ್ಲ ಅತಿ ದೊಡ್ಡ ಸಂಕೇತಕ್ಕೂ ಏನೂ ನುಡಿಸದಿದ್ದಾಗ ಅದರಲ್ಲಿ ಉಳಿಯುವ ಗದ್ದಲಕ್ಕೂ ಇರುವ ಅನುಪಾತವೇ ಸಂಕೇತ-ಗದ್ದಲ ಅನುಪಾತ. ಪ್ರತಿ 20 ಡೆಸಿಬಲ್‌ಗೆ ಈ ಅನುಪಾತ ಹತ್ತು ಪಟ್ಟಾಗುತ್ತದೆ. ಆದ್ದರಿಂದ 120 ಡೆಸಿಬಲ್ ಎಂದರೆ ಹತ್ತು ಲಕ್ಷಕ್ಕೆ ಒಂದು. ಸಂಕೇತ 2 ವೋಲ್ಟ್ ಇದ್ದರೆ ಗದ್ದಲ 2 ಮೈಕ್ರೋವೋಲ್ಟ್, ಅಂದರೆ ವೋಲ್ಟಿನ ಹತ್ತು ಲಕ್ಷದ ಎರಡು ಭಾಗ. 16 ಬಿಟ್ಟಿನ ಸಿಡಿಯಲ್ಲಿ ಸಿದ್ಧಾಂತದ ಪ್ರಕಾರ ದೊರೆಯುವುದೇ 98 ಡೆಸಿಬಲ್. ಹಾಗಾಗಿ 120ಕ್ಕೂ 124ಕ್ಕೂ ನಡುವಿನ ಅಂತರವನ್ನು ಸಿಡಿಯಿಂದ ಬಂದ ಸಂಗೀತದಲ್ಲಿ ಕೇಳಿಸಿಕೊಳ್ಳುವುದು ಸಾಧ್ಯವಿಲ್ಲ. ಮುದ್ರಿಕೆಯ ಸ್ವಂತ ಗದ್ದಲವೇ ಇವೆರಡಕ್ಕಿಂತ ಹೆಚ್ಚು.

ರಸಿಕ: ಅಂದರೆ ಎರಡನೆಯ ಪಕ್ಷವೇ ಗೆದ್ದಂತಾಯಿತು. ಆದರೂ ಎಷ್ಟೋ ಕಂಪ್ಯೂಟರುಗಳಲ್ಲಿ ಹೆಡ್‌ಫೋನ್ ಹಾಕಿ ಸುಮ್ಮನೆ ಕುಳಿತರೂ ಸುಯ್ ಎನ್ನುವ ಸದ್ದು ಕೇಳುತ್ತದೆ, ಮೌಸನ್ನು ಸರಿಸಿದರೆ ಕಿರ್ರೆನ್ನುತ್ತದೆ. ಇದು ಕಿವಿಯ ಭ್ರಮೆಯಂತೂ ಅಲ್ಲ.

ಅಧ್ಯಾಪಕ: ಭ್ರಮೆಯಲ್ಲ. ಆ ಅಂಕಿ ಚಿಪ್‌ನದು, ಮದರ್‌ಬೋರ್ಡಿನದಲ್ಲ. ತಯಾರಕರು ಪರೀಕ್ಷೆಗೆಂದೇ ಸಿದ್ಧಪಡಿಸಿದ ನಿಶ್ಶಬ್ದವಾದ ಹಲಗೆಯ ಮೇಲೆ ಅಳೆದದ್ದು. ಅದೇ ಚಿಪ್ ಮದರ್‌ಬೋರ್ಡಿಗೆ ಬಂದಾಗ ಅದರ ನೆರೆಹೊರೆ ಬೇರೆ. ಮುಖ್ಯ ಸಂಸ್ಕಾರಕವು 125 ವ್ಯಾಟ್ ಬಳಸುತ್ತದೆ, ಅದರ ವೋಲ್ಟೇಜ್ ಒಂದೂಕಾಲು ಎಂದು ಇಟ್ಟುಕೊಂಡರೆ ಹರಿಯುವ ವಿದ್ಯುತ್ 100 ಆಂಪಿಯರ್; ಅದೂ ಸಮನಾಗಿ ಹರಿಯುವುದಿಲ್ಲ, ಮಾಡುವ ಕೆಲಸಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಗೇಣುದ್ದದ ದೂರದಲ್ಲಿ ನೂರು ಆಂಪಿಯರ್ ಏರಿಳಿಯುತ್ತಿರುವಾಗ, ಅದೇ ಹಲಗೆಯ ಗ್ರೌಂಡನ್ನು ಹಂಚಿಕೊಂಡು, ಎರಡು ಮೈಕ್ರೋವೋಲ್ಟಿನ ಮೌನವನ್ನು ಕಾಪಾಡಿಕೊಳ್ಳಬೇಕಾದ ಕೊಡೆಕ್‌ನ ಸ್ಥಿತಿ ಸುಲಭದ್ದಲ್ಲ. ಮೌಸ್ ಸರಿಸಿದಾಗ ಬರುವ ಕಿರ್ ಸದ್ದು ಈ ಏರಿಳಿತವೇ: ಪರದೆಯನ್ನು ಹೊಸದಾಗಿ ಬರೆಯಲು ಗ್ರಾಫಿಕ್ಸ್ ಕಾರ್ಡು, ಸಂಸ್ಕಾರಕಗಳು ಎಳೆದ ವಿದ್ಯುತ್ತು ಕಿವಿಗೆ ಸೋರಿ ಬಂದದ್ದು. ಒಳ್ಳೆಯ ಮದರ್‌ಬೋರ್ಡುಗಳಲ್ಲಿ ಆಡಿಯೊ ಭಾಗದ ಸುತ್ತ ತಾಮ್ರವಿಲ್ಲದ ಕಿರಿದಾದ ಗೆರೆಯೊಂದನ್ನು ಬಿಟ್ಟು, ಆ ಭಾಗದ ಗ್ರೌಂಡನ್ನು ಉಳಿದದ್ದರಿಂದ ಬೇರ್ಪಡಿಸಿರುತ್ತಾರೆ. ಆ ಗೆರೆಗೆ ಬಣ್ಣದ ದೀಪ ಹಾಕಿ ಮಾರುವುದು ವ್ಯಾಪಾರ. ಗೆರೆ ಮಾತ್ರ ನಿಜವಾದ ಎಂಜಿನಿಯರಿಂಗ್.

ರಸಿಕ: ಅಂತಹ ಗೆರೆಯಿರುವ ಹೊಸ ಮದರ್‌ಬೋರ್ಡಿನಲ್ಲಿಯೂ ಸದ್ದು ಬರುವುದನ್ನು ಕಂಡವರಿದ್ದಾರೆ.

ಅಧ್ಯಾಪಕ: ಹೆಡ್‌ಫೋನನ್ನು ಎಲ್ಲಿಗೆ ಚುಚ್ಚಿದ್ದರು ಎಂದು ಅವರನ್ನು ಕೇಳಬೇಕು. ಪೆಟ್ಟಿಗೆಯ ಮುಂಭಾಗದ ಜಾಕ್‌ಗೆ ಎಂಬ ಉತ್ತರ ಹತ್ತರಲ್ಲಿ ಎಂಟು ಸಲ ಬರಬಹುದು. ಕೊಡೆಕ್ ಇರುವುದು ಹಲಗೆಯ ಹಿಂದಿನ ಅಂಚಿನಲ್ಲಿ. ಅಲ್ಲಿಂದ ತೆಳುವಾದ ತಂತಿಯೊಂದು, ಅನೇಕ ಅಗ್ಗದ ಪೆಟ್ಟಿಗೆಗಳಲ್ಲಿ ಮೇಲೆ ಲೋಹದ ಹೊದಿಕೆಯೂ ಇಲ್ಲದೆ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಹಾದು, ಫ್ಯಾನಿನ ತಂತಿ, ಯುಎಸ್‌ಬಿ ತಂತಿಗಳೊಂದಿಗೆ ಒಂದೇ ಕಟ್ಟಿನಲ್ಲಿ ಬಿಗಿಸಿಕೊಂಡು ಮುಂಭಾಗಕ್ಕೆ ಬರುತ್ತದೆ. ಕೊಡೆಕ್ ಎಷ್ಟೇ ಶುದ್ಧವಾಗಿ ನುಡಿಸಿದರೂ ಈ ತಂತಿ ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಹೀರಿಕೊಂಡು ಬರುತ್ತದೆ. ಅದೇ ಹೆಡ್‌ಫೋನನ್ನು ಹಿಂಬದಿಯ ಹಸಿರು ಜಾಕ್‌ಗೆ ಚುಚ್ಚಿ ನೋಡಿದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಸದ್ದು ಅಡಗುತ್ತದೆ. ಕಾರ್ಡು ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ಬಿಡಿಗಾಸಿಲ್ಲದೆ ಮಾಡಬಹುದಾದ ಈ ಪರೀಕ್ಷೆಯನ್ನು ಮಾಡುವವರು ಕಡಿಮೆ.

ರಸಿಕ: ಸದ್ದಿನ ಮಾತು ಸರಿ. ಆದರೆ ಸದ್ದಿಲ್ಲದ ಕಡೆಯಲ್ಲಿಯೂ ಸ್ವರದ ಬಣ್ಣವೇ ಬೇರೆಯಾಗಿ ಕೇಳಿಸುವುದುಂಟು. ಒಂದರಲ್ಲಿ ಮೃದಂಗದ ಎಡಭಾಗದ ತೊಪ್ಪಿ ಮೈತುಂಬಿ ನುಡಿಯುತ್ತದೆ, ಇನ್ನೊಂದರಲ್ಲಿ ಸೊರಗುತ್ತದೆ.

ಅಧ್ಯಾಪಕ: ರಾಯರು ಹೇಳಿದ್ದು ಕಲ್ಪನೆ ಇರಲಾರದು, ಏಕೆಂದರೆ ಅದಕ್ಕೆ ಗಟ್ಟಿಯಾದ ಕಾರಣವಿದೆ. ಇಂಪೀಡೆನ್ಸ್ ಎಂದರೆ ಏರಿಳಿಯುವ ವಿದ್ಯುತ್ತಿಗೆ ಒಂದು ಉಪಕರಣ ಒಡ್ಡುವ ಒಟ್ಟು ತಡೆ. ಅದರ ಮಾನ ಓಮ್. ಹೆಡ್‌ಫೋನಿಗೆ ಒಂದು ಇಂಪೀಡೆನ್ಸ್ ಇದೆ, ಅದನ್ನು ನಡೆಸುವ ಜಾಕ್‌ನ ಹಿಂದೆಯೂ ಒಂದಿದೆ. ಮಂಡಲ ಹಾಳಾಗದಿರಲೆಂದು ಅಗ್ಗದ ಮದರ್‌ಬೋರ್ಡುಗಳಲ್ಲಿ ಜಾಕ್‌ನ ದಾರಿಯಲ್ಲಿ 75 ಓಮ್‌ನ ರೋಧಕವನ್ನು ಇರಿಸುವ ರೂಢಿಯಿದೆ. ಈಗ ಹೆಡ್‌ಫೋನ್ ಹೆಸರಿಗೆ 32 ಓಮ್‌ನದು, ಆದರೆ ಮಂದ್ರದ ಒಂದು ಜಾಗದಲ್ಲಿ ಅದರ ಇಂಪೀಡೆನ್ಸ್ 96 ಓಮ್‌ಗೆ ಏರುತ್ತದೆ ಎಂದು ಇಟ್ಟುಕೊಳ್ಳೋಣ. ಇಂತಹ ಏರು ಅನೇಕ ಹೆಡ್‌ಫೋನುಗಳಲ್ಲಿ ಸಹಜ. ಬರುವ ವೋಲ್ಟೇಜ್ ರೋಧಕ, ಹೆಡ್‌ಫೋನ್ ಎರಡರ ನಡುವೆ ಹಂಚಿಹೋಗುವುದರಿಂದ, 32 ಓಮ್ ಇರುವ ಕಡೆ ಹೆಡ್‌ಫೋನಿಗೆ ದಕ್ಕುವುದು ನೂರರಲ್ಲಿ 30 ಪಾಲು, 96 ಓಮ್ ಇರುವ ಕಡೆ 56 ಪಾಲು. ಅಂದರೆ ಆ ಮಂದ್ರಸ್ವರಗಳು ಉಳಿದವಕ್ಕಿಂತ ಸುಮಾರು ಐದೂವರೆ ಡೆಸಿಬಲ್ ಉಬ್ಬಿ ಕೇಳುತ್ತವೆ. ಜಾಕ್‌ನ ಹಿಂದೆ 75ರ ಬದಲು 1 ಓಮ್ ಮಾತ್ರ ಇದ್ದರೆ ಇದೇ ಲೆಕ್ಕ ಡೆಸಿಬಲ್ಲಿನ ಐದರಲ್ಲೊಂದು ಭಾಗಕ್ಕೂ ಕಡಿಮೆಯಾಗುತ್ತದೆ. 124ರ ಅಂಕಿಯನ್ನು ದಪ್ಪಕ್ಷರದಲ್ಲಿ ಮುದ್ರಿಸುವ ಡಬ್ಬಿಗಳು ಈ ಒಂದು ಅಂಕಿಯನ್ನು ಮುದ್ರಿಸುವುದು ವಿರಳ. ಆಡಿಯೊ ಮಾರುವವರ ಮೇಲೆ ಹೊರಿಸಬಹುದಾದ ದೊಡ್ಡ ದೂರು ಇದೇ.

ರಸಿಕ: ವಿಚಿತ್ರವೆಂದರೆ, ಹಾಗೆ ನೋಡಿದರೆ ಮಂದ್ರ ತುಂಬಿ ಕೇಳಿಸುವುದೇ ದೋಷವುಳ್ಳ ಜಾಕ್‌ನಲ್ಲಿ.

ಅಧ್ಯಾಪಕ: ಹೌದು, ಮತ್ತು ಅದನ್ನು ಮೆಚ್ಚುವುದು ಅಪರಾಧವೇನಲ್ಲ. ಅದನ್ನು ಶುದ್ಧತೆಯೆಂದು ಕರೆಯಬಾರದು ಅಷ್ಟೆ. ಇನ್ನು 300 ಓಮ್‌ನ ಹೆಡ್‌ಫೋನುಗಳಿವೆ, ಸೆನ್‌ಹೈಸರ್ ಎಚ್‌ಡಿ 600 ಅಂತಹದು. 1 ವೋಲ್ಟ್ ಕೊಟ್ಟಾಗ 32 ಓಮ್‌ನ ಹೆಡ್‌ಫೋನಿಗೆ ಸಿಗುವುದು ಸುಮಾರು 31 ಮಿಲಿವ್ಯಾಟ್, 300 ಓಮ್‌ನದಕ್ಕೆ ಕೇವಲ 3.3. ಇಂತಹವನ್ನು ಕೊಂಡವರಿಗೆ ಬೇಕಾಗುವುದು ಹೆಚ್ಚು ಶುದ್ಧವಾದ ಚಿಪ್ ಅಲ್ಲ, ಹೆಚ್ಚು ವೋಲ್ಟೇಜ್ ಕೊಡುವ ವರ್ಧಕ. ಆ ಎಸ್‌ಟಿಎಕ್ಸ್ ಕಾರ್ಡಿನ ಉಪಯೋಗವೂ ಬಹುಮಟ್ಟಿಗೆ ಅದರಲ್ಲಿದ್ದ ಹೆಡ್‌ಫೋನ್ ವರ್ಧಕದಲ್ಲಿತ್ತು. ಅದು ಮದರ್‌ಬೋರ್ಡಿನ ವಿದ್ಯುತ್ತನ್ನು ನೆಚ್ಚದೆ ಪವರ್ ಸಪ್ಲೈಯಿಂದ ನೇರವಾಗಿ ತಂತಿ ಎಳೆದುಕೊಳ್ಳುತ್ತಿತ್ತು.

ರಸಿಕ: ಹಾಗಿದ್ದರೂ ಕಾರ್ಡು ಹಾಕಿಸಿದ ದಿನವೇ ಸಂಗೀತ ಕಣ್ಣಿಗೆ ಕಟ್ಟುವಂತೆ ಬದಲಾಯಿತೆಂದು ಸಾಕ್ಷಿ ಹೇಳುವವರು ಎಷ್ಟು ಮಂದಿ! ಅವರೆಲ್ಲರ ಕಿವಿ ಸುಳ್ಳೇ?

ಅಧ್ಯಾಪಕ: ಕಿವಿ ಸುಳ್ಳಲ್ಲ, ಹೋಲಿಕೆ ಸುಳ್ಳು. ಎರಡು ಮೂಲಗಳಲ್ಲಿ ಒಂದು ಕೊಂಚವೇ ಜೋರಾಗಿದ್ದರೆ ಮನುಷ್ಯನಿಗೆ ಅದು ಜೋರಾಗಿದೆ ಎನಿಸುವ ಬದಲು ಚೆನ್ನಾಗಿದೆ ಎನಿಸುತ್ತದೆ. ಹೆಚ್ಚು ವೋಲ್ಟೇಜಿನ ಕಾರ್ಡು ಸಹಜವಾಗಿಯೇ ಜೋರು. ಅಲ್ಲದೆ ಕಾರ್ಡಿನೊಂದಿಗೆ ಬರುವ ತಂತ್ರಾಂಶವು ಕೇಳದೆಯೇ ಮಂದ್ರವನ್ನು ಉಬ್ಬಿಸಿ, ಸುತ್ತುವರಿದ ಧ್ವನಿಯ ಭ್ರಮೆಯನ್ನು ಸೇರಿಸಿರುತ್ತದೆ. ಮದರ್‌ಬೋರ್ಡಿನದೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಇಂತಹ ಅಲಂಕಾರಗಳನ್ನೆಲ್ಲ ನಿಲ್ಲಿಸಿ, ಒಂದೇ ಸ್ಥಾಯಿಯ ಪರೀಕ್ಷಾಸ್ವರ ನುಡಿಸಿ, ಎರಡರ ವೋಲ್ಟೇಜನ್ನು ಮೀಟರಿನಲ್ಲಿ ಅಳೆದು ಡೆಸಿಬಲ್ಲಿನ ಹತ್ತನೇ ಒಂದು ಭಾಗದೊಳಗೆ ಸರಿಹೊಂದಿಸಿ, ಯಾವುದು ನುಡಿಯುತ್ತಿದೆಯೆಂದು ಕೇಳುಗರಿಗೆ ತಿಳಿಯದಂತೆ ಹಲವು ಸಲ ಬದಲಿಸಿ ಕೇಳಿಸಿದರೆ ಮಾತ್ರ ಆ ಸಾಕ್ಷಿಗೆ ಬೆಲೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇಂತಹ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಸಿಡಿಗಿಂತ ಸೂಕ್ಷ್ಮವೆಂದು ಹೆಸರಾದ ಮುದ್ರಿಕೆಗಳನ್ನು ಒಮ್ಮೆ ಇದ್ದಂತೆ, ಒಮ್ಮೆ ಸಿಡಿಯ ಮಟ್ಟಕ್ಕೆ ಇಳಿಸಿ ಕೇಳಿಸಿದಾಗ 554 ಸಲದಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಅವರು ಹೋಲಿಸಿದ್ದು ಕಾರ್ಡುಗಳನ್ನಲ್ಲ. ಆದರೆ ಮಾದರಿಗಳ ಸಂಖ್ಯೆ, ಬಿಟ್ಟುಗಳ ಸಂಖ್ಯೆಯ ಹೆಸರಿನಲ್ಲಿ ಕಾರ್ಡು ಮಾರುವ ವಾದಕ್ಕೆ ಇದು ದೊಡ್ಡ ಪೆಟ್ಟು.

ರಸಿಕ: ಸ್ಪೀಕರುಗಳ ವಿಷಯ ಬಂದರೆ? ಕಂಪ್ಯೂಟರಿನಿಂದ ಮನೆಯ ಆಂಪ್ಲಿಫೈಯರಿಗೆ ತಂತಿ ಎಳೆದೊಡನೆ ಗುಂಯ್ ಎಂಬ ಮೊರೆತ ಶುರುವಾಗುತ್ತದೆ. ಅದಕ್ಕಾದರೂ ಕಾರ್ಡೇ ಮದ್ದು ಎಂದು ಅಂಗಡಿಯವರ ಸಲಹೆ.

ಅಧ್ಯಾಪಕ: ಅದಕ್ಕೆ ಕಾರ್ಡು ಮದ್ದೇ ಅಲ್ಲ. ನಮ್ಮ ದೇಶದ ಮನೆವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿಗೂ ಆಂಪ್ಲಿಫೈಯರ್ ಇನ್ನೊಂದಕ್ಕೂ ಸೇರಿದ್ದರೆ, ಎರಡರ ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಉಳಿದಿರುತ್ತದೆ. ಆಡಿಯೊ ತಂತಿಯ ಹೊರಹೊದಿಕೆಯು ಇವೆರಡನ್ನೂ ಜೋಡಿಸಿದೊಡನೆ ಅದರ ಮೂಲಕ ವಿದ್ಯುತ್ತು ಹರಿದು, 50ರ ಮತ್ತು ಅದರ ಗುಣಕಗಳ ಮೊರೆತ ಸಂಗೀತಕ್ಕೆ ಬೆರೆಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ಕಾರ್ಡು ಪೆಟ್ಟಿಗೆಯೊಳಗೇ, ಅದೇ ಗ್ರೌಂಡಿನ ಮೇಲೆಯೇ ಕೂರುವುದರಿಂದ ಲೂಪ್ ಇದ್ದಂತೆಯೇ ಇರುತ್ತದೆ. ಯುಎಸ್‌ಬಿ ತಂತಿಯಿಂದ ಹೊರಗೆ ಜೋಡಿಸುವ ಪೆಟ್ಟಿಗೆಯೂ ಆ ತಂತಿಯೊಳಗಿನ ಗ್ರೌಂಡಿನ ಮೂಲಕ ಅದನ್ನು ಉಳಿಸಿಕೊಳ್ಳಬಹುದು. ಎರಡೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸುವುದು ಮೊದಲ ಉಪಾಯ. ಆಂಪ್ಲಿಫೈಯರಿನಲ್ಲಿ ಆಪ್ಟಿಕಲ್ ಒಳದಾರಿ ಇದ್ದರೆ ಮದರ್‌ಬೋರ್ಡಿನ ಆಪ್ಟಿಕಲ್ ಜಾಕ್‌ನಿಂದ ಬೆಳಕಿನ ತಂತು ಎಳೆಯುವುದು ಖಚಿತವಾದ ಉಪಾಯ, ಏಕೆಂದರೆ ಅದರಲ್ಲಿ ಹರಿಯಲು ಲೋಹವೇ ಇಲ್ಲ. ಅರ್ಥಿಂಗ್ ಪಿನ್ನನ್ನು ಮುರಿದು ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದು ಪ್ರಾಣಕ್ಕೆ ಎರವಾಗುವ ಸಲಹೆ, ಕಿವಿಗೆ ಹಾಕಿಕೊಳ್ಳಲೇಬಾರದು.

ರಸಿಕ: ಹೊರಗಿನ ಪೆಟ್ಟಿಗೆಯ ಮಾತು ಬಂತು. ಅದನ್ನು ಕಾರ್ಡು ಎನ್ನಬೇಕೋ ಬೇಡವೋ?

ಅಧ್ಯಾಪಕ: ಗಡಿರೇಖೆ ಎಂದೋ ಅಳಿಸಿಹೋಗಿದೆ. ರಿಯಲ್‌ಟೆಕ್‌ನ ಎಎಲ್‌ಸಿ 4080 ಮದರ್‌ಬೋರ್ಡಿನ ಮೇಲೆಯೇ ಕುಳಿತಿದ್ದರೂ ಒಳಗೆ ಯುಎಸ್‌ಬಿ ಮೂಲಕವೇ ಸಂಪರ್ಕ ಹೊಂದಿದೆ. ಅತ್ತ, ಹೆಡ್‌ಫೋನ್ ಜಾಕ್ ಇಲ್ಲದ ಫೋನುಗಳಿಗೆಂದು ಆಪಲ್ ಮಾರುವ ಬೆರಳುದ್ದದ ಪುಟ್ಟ ತಂತಿಯ ತುದಿಯಲ್ಲಿ ಪರಿವರ್ತಕ, ವರ್ಧಕ ಎರಡೂ ಇವೆ. ಅದರ ಅಮೆರಿಕದ ಆವೃತ್ತಿ 1 ವೋಲ್ಟ್ ಕೊಡುತ್ತದೆ, ಯುರೋಪಿನದು ಅದರ ಅರ್ಧ. 32 ಓಮ್‌ನ ಹೆಡ್‌ಫೋನ್ ಇರುವವರಿಗೆ, ಮುಂಭಾಗದ ಜಾಕ್‌ನ ಸುಯ್‌ಗುಟ್ಟುವಿಕೆಯಿಂದ ಬೇಸತ್ತಿದ್ದರೆ, ಇಂತಹ ತಂತಿಯೊಂದೇ ಸಾಕಾಗುತ್ತದೆ. ಪೆಟ್ಟಿಗೆಯ ಹೊರಗೆ, ಗದ್ದಲದಿಂದ ಒಂದು ಮೊಳ ದೂರದಲ್ಲಿರುವುದೇ ಅದರ ದೊಡ್ಡ ಗುಣ.

ರಸಿಕ: ಇಷ್ಟು ಹೊತ್ತೂ ಕೇಳುವ ಮಾತಾಯಿತು. ಹಾಡಿಕೆಯನ್ನು ಮುದ್ರಿಸಿಕೊಳ್ಳುವುದಕ್ಕೆ ಮದರ್‌ಬೋರ್ಡಿನ ಗುಲಾಬಿ ಬಣ್ಣದ ಮೈಕ್ ಜಾಕ್ ಸಾಲುವುದೇ?

ಅಧ್ಯಾಪಕ: ಇಲ್ಲಿ ಮಾತ್ರ ಮೊದಲ ಪಕ್ಷಕ್ಕೆ ಸಂಪೂರ್ಣ ಮನ್ನಣೆ ಸಲ್ಲಬೇಕು. ಹೊರಹೋಗುವ ಸಂಕೇತ ವೋಲ್ಟುಗಳ ಲೆಕ್ಕದ್ದು, ಮೈಕಿನಿಂದ ಒಳಬರುವುದು ಕೆಲವೇ ಮಿಲಿವೋಲ್ಟುಗಳದು. ಅದನ್ನು ಹಲವು ಪಟ್ಟು ಹಿಗ್ಗಿಸಬೇಕು, ಹಿಗ್ಗಿಸುವಾಗ ಸಂಗೀತದೊಂದಿಗೆ ಗದ್ದಲವೂ ಹಿಗ್ಗುತ್ತದೆ. ಅದರಲ್ಲಿಯೂ ತಂಬೂರಿಯಂತಹ ನಾದ ಇದಕ್ಕೆ ಕಠಿಣ ಪರೀಕ್ಷೆ. ಮೀಟಿದ ತಂತಿಯ ನಾದ ಬಹಳ ಹೊತ್ತು ಇಳಿಯುತ್ತಾ ಹೋಗುತ್ತದೆ, ಅದರ ಮೇಲಿನ ಅನುಸ್ವರಗಳು ಒಂದೊಂದಾಗಿ ಹೊಮ್ಮಿ ಅಡಗುತ್ತವೆ. ಮದರ್‌ಬೋರ್ಡಿನ ಮೈಕ್ ಜಾಕ್‌ನಲ್ಲಿ ಮುದ್ರಿಸಿದರೆ ಕೊನೆಯ ಅನುಸ್ವರಗಳು ಸುಯ್ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆಮೇಲೆ ತಂತ್ರಾಂಶದಿಂದ ಸದ್ದು ತೆಗೆಯಲು ಹೊರಟರೆ ನಾದದ ಬಾಲವೂ ಅದರೊಡನೆ ಹೋಗುತ್ತದೆ. ಸ್ಟುಡಿಯೊ ಮಾದರಿಯ ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟಿನ ವಿದ್ಯುತ್ತು ಮೈಕಿನ ತಂತಿಯಲ್ಲಿಯೇ ಹೋಗಬೇಕು, ಮದರ್‌ಬೋರ್ಡು ಕೊಡುವುದು ಕೆಲವೇ ವೋಲ್ಟು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಯಲ್ಲಿ ಒಂದೇ ಸಂಕೇತ ಎರಡು ಎಳೆಗಳಲ್ಲಿ ಒಂದಕ್ಕೊಂದು ತಿರುಗುಮುರುಗಾಗಿ ಹರಿಯುತ್ತದೆ. ದಾರಿಯಲ್ಲಿ ಸೇರಿದ ಗದ್ದಲ ಎರಡರಲ್ಲಿಯೂ ಒಂದೇ ರೀತಿ ಇರುವುದರಿಂದ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಅಳಿಸಿಹೋಗುತ್ತದೆ. ಈ ಸೌಕರ್ಯಗಳು ಇರುವುದು ಆಡಿಯೊ ಇಂಟರ್‌ಫೇಸ್ ಎಂದು ಮಾರುವ ಯುಎಸ್‌ಬಿ ಪೆಟ್ಟಿಗೆಗಳಲ್ಲಿ, ಆಟಗಳಿಗೆಂದು ಮಾರುವ ಕಾರ್ಡುಗಳಲ್ಲಲ್ಲ.

ರಸಿಕ: ಮುದ್ರಿಸುವಾಗ ತಮ್ಮ ದನಿಯೇ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸಿ ತಾಳ ತಪ್ಪುವುದೂ ಉಂಟು.

ಅಧ್ಯಾಪಕ: ಅಂಕಿಗಳನ್ನು ಗುಂಪುಗುಂಪಾಗಿ ಸಾಗಿಸುವುದರಿಂದ ಆ ತಡ. 48,000ರ ವೇಗದಲ್ಲಿ 256 ಮಾದರಿಗಳ ಗುಂಪಿಗೆ ಸೆಕೆಂಡಿನ ಸಾವಿರದ ಐದು ಭಾಗಕ್ಕಿಂತ ಕೊಂಚ ಹೆಚ್ಚು ಹಿಡಿಯುತ್ತದೆ. ಗಾಳಿಯಲ್ಲಿ ಸದ್ದು ಆರಡಿ ಸಾಗುವಷ್ಟು ಹೊತ್ತು. ಅಷ್ಟಾದರೆ ತಾಳಕ್ಕೆ ತೊಂದರೆಯಿಲ್ಲ, ಆದರೆ ವಿಂಡೋಸಿನ ಸಾಮಾನ್ಯ ದಾರಿಯಲ್ಲಿ ಇದು ಹಲವು ಪಟ್ಟಾಗುತ್ತದೆ. ಇಂಟರ್‌ಫೇಸುಗಳು ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಆಸಿಯೊ ಎಂಬ ನೇರ ದಾರಿಯನ್ನು ಬಳಸುತ್ತವೆ; ಅನೇಕವು ಮೈಕಿನ ಸಂಕೇತವನ್ನು ಕಂಪ್ಯೂಟರಿಗೆ ಕಳಿಸುವ ಮೊದಲೇ ಹೆಡ್‌ಫೋನಿಗೆ ಹಂಚಿ ತಡವನ್ನೇ ಇಲ್ಲವಾಗಿಸುತ್ತವೆ.

ರಸಿಕ: ಹಾಗಾದರೆ ಪೆಟ್ಟಿಗೆಯೊಳಗೆ ಸ್ಲಾಟಿಗೆ ಚುಚ್ಚುವ ಕಾರ್ಡಿಗೆ ಇನ್ನು ನೆಲೆಯೇ ಇಲ್ಲವೆನ್ನೋಣವೇ?

ಅಧ್ಯಾಪಕ: ಇದೆ, ಸ್ಟುಡಿಯೊಗಳಲ್ಲಿ. ಜರ್ಮನಿಯ ಆರ್‌ಎಂಇ ಕಂಪನಿಯ ಮ್ಯಾಡಿ ಕಾರ್ಡುಗಳನ್ನು ಇಂದಿಗೂ ಸ್ಲಾಟಿಗೆ ಹಾಕುತ್ತಾರೆ. 48,000ರ ವೇಗದಲ್ಲಿ ಒಂದೇ ತಂತಿಯಲ್ಲಿ 64 ವಾಹಿನಿಗಳು ಓಡುತ್ತವೆ. ಆದರೆ ಆ ತಂತಿಯಲ್ಲಿ ಓಡುವುದೆಲ್ಲ ಅಂಕಿಗಳೇ. ಅವನ್ನು ಧ್ವನಿಯ ಅಲೆಯಾಗಿ ಪರಿವರ್ತಿಸುವ ಉಪಕರಣ ಬೇರೆ ಪೆಟ್ಟಿಗೆಯಲ್ಲಿ, ಹಲವು ವೇಳೆ ಬೇರೆ ಕೋಣೆಯಲ್ಲಿಯೇ ಇರುತ್ತದೆ.